ಹುಳು, ಗೂಡು, ನೂಲು

ಓದುವುದು ಎಂದು ನಾವು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಕೆಲಸದೊಳಗೆ ಎರಡು ಕೆಲಸಗಳಿವೆ. ಅಕ್ಷರವನ್ನು ಕಂಡು ದನಿಯಾಗಿ ಬಿಡಿಸಿಕೊಳ್ಳುವುದು ಮೊದಲನೆಯದು. ಬಿಡಿಸಿಕೊಂಡ ಮಾತಿನ ಅರ್ಥ ಹಿಡಿಯುವುದು ಎರಡನೆಯದು. 1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಇವೆರಡರ ಸಂಬಂಧವನ್ನು ಸರಳ ಲೆಕ್ಕವೊಂದರಲ್ಲಿ ಹೇಳಿದರು: ಓದಿನ ಫಲವೆಂದರೆ ಈ ಎರಡು ಸಾಮರ್ಥ್ಯಗಳ ಗುಣಲಬ್ಧ. ಕೂಡುವ ಲೆಕ್ಕವಾಗಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತಿತ್ತು. ಗುಣಿಸುವ ಲೆಕ್ಕದಲ್ಲಿ ಯಾವುದೇ ಒಂದು ಸೊನ್ನೆಯಾದರೂ ಉತ್ತರ ಸೊನ್ನೆಯೇ. ಬಾಗೇಪಲ್ಲಿಯಿಂದ ಚಿಂತಾಮಣಿವರೆಗೆ ತೆಲುಗು ಮನೆಮಾತಿನ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರುಗಳಿಗೆ ಈ ಲೆಕ್ಕವನ್ನು ಯಾರೂ ವಿವರಿಸಬೇಕಾಗಿಲ್ಲ. ಮಗು ಕನ್ನಡ ಪಾಠವನ್ನು ತಡವರಿಸದೆ ಗಟ್ಟಿಯಾಗಿ ಓದುತ್ತದೆ. ಏನು ಓದಿದೆ ಎಂದು ಕೇಳಿದರೆ ಸುಮ್ಮನೆ ನಿಲ್ಲುತ್ತದೆ. ಅಂಥ ಮಗುವಿನ ಕೈಗೆ ಮೊದಲು ಯಾವ ಪುಸ್ತಕ ಕೊಡಬೇಕು ಎಂಬುದೇ ಈ ಅಧ್ಯಾಯದ ಪ್ರಶ್ನೆ. ಮಗು ಕಣ್ಣಾರೆ ಕಂಡು ಬಲ್ಲ ಸಂಗತಿಯನ್ನು ನಿಜವಾಗಿ ಇದ್ದ ಹಾಗೆ ಹೇಳುವ ಪುಸ್ತಕ ಕೊಡಬೇಕು, ಅದೂ ಓದು ಬಂದ ಮೇಲೆ ಕೊಡುವುದಲ್ಲ, ಓದು ಬರಿಸುವುದಕ್ಕೇ ಕೊಡಬೇಕು ಎಂಬುದು ನನ್ನ ವಾದ.

ಮೊದಲ ಕೆಲಸದ ಭಾರವನ್ನು ಮೊದಲು ನೋಡೋಣ. ಇಂಗ್ಲಿಷ್ ಕಲಿಯುವ ಮಗು 26 ಅಕ್ಷರಗಳ ಹೆಸರು, ಆಕಾರಗಳನ್ನು ಒಂದು ವರ್ಷದೊಳಗೆ ಮುಗಿಸಿಬಿಡುತ್ತದೆ. ಆ ಭಾಷೆಯ ಕಷ್ಟ ಇರುವುದು ಕಾಗುಣಿತದಲ್ಲಿ. ಕನ್ನಡದ್ದು ಇದಕ್ಕೆ ವಿರುದ್ಧ. ಬರೆದ ಹಾಗೆ ಓದಬಹುದು ನಿಜ, ಆದರೆ ಬರೆಯುವ ಆಕಾರಗಳೇ ಬಹಳ. ವರ್ಣಮಾಲೆಯ 49ರಲ್ಲಿ ಅದು ನಿಲ್ಲುವುದಿಲ್ಲ. ಒಂದೊಂದು ವ್ಯಂಜನಕ್ಕೂ ಸ್ವರಚಿಹ್ನೆಗಳು ಸೇರಿ ಗುಣಿತಾಕ್ಷರಗಳೇ 400 ದಾಟುತ್ತವೆ, ಅದರ ಮೇಲೆ ಒತ್ತಕ್ಷರಗಳು ಬೇರೆ. ಬೆಂಗಳೂರಿನ ಸೊನಾಲಿ ನಾಗ್ ಕನ್ನಡ ಮಕ್ಕಳ ಆರಂಭಿಕ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಇದನ್ನೇ. ಅಕ್ಷರಗಳ ಮೇಲಿನ ಹಿಡಿತ ಒಂದನೇ ತರಗತಿಗೆ ಮುಗಿಯುವ ಬಾಬತ್ತಲ್ಲ, ಅದು ಮೂರು-ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಹೋಗುತ್ತದೆ. ಎಂದರೆ ನಮ್ಮ ಮಗು ‘ಓದಲು ಕಲಿಯುತ್ತಿರುವ’ ಅವಧಿ ಇಂಗ್ಲಿಷ್ ಪುಸ್ತಕಗಳು ಲೆಕ್ಕ ಹಾಕುವುದಕ್ಕಿಂತ ಉದ್ದ. ಆ ಮೂರು ನಾಲ್ಕು ವರ್ಷ ಅಕ್ಷರ ಬಿಡಿಸುವುದರಲ್ಲೇ ಮಗುವಿನ ಬಲವೆಲ್ಲ ಖರ್ಚಾಗುತ್ತಿದ್ದರೆ, ಅರ್ಥದ ಭಾರವನ್ನಾದರೂ ನಾವು ಇಳಿಸಿಕೊಡಬೇಕಲ್ಲವೆ?

ಅರ್ಥದ ಭಾರ ಇಳಿಸುವುದು ಯಾವುದು ಎಂಬುದಕ್ಕೆ ಅಮೆರಿಕದಿಂದ ಒಂದು ಸ್ವಾರಸ್ಯಕರ ಸಾಕ್ಷ್ಯವಿದೆ. 1988ರಲ್ಲಿ ಡಾನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಮಾಧ್ಯಮಿಕ ಶಾಲೆಯ 64 ಮಕ್ಕಳಿಗೆ ಬೇಸ್‌ಬಾಲ್ ಆಟದ ಒಂದು ಭಾಗದ ವರ್ಣನೆ ಓದಲು ಕೊಟ್ಟು, ಓದಿದ್ದನ್ನು ಪುಟ್ಟ ಮೈದಾನದ ಮಾದರಿಯ ಮೇಲೆ ಆಡಿ ತೋರಿಸಲು ಹೇಳಿದರು. ಮಕ್ಕಳಲ್ಲಿ ಕೆಲವರು ಓದಿನಲ್ಲಿ ಜಾಣರು, ಕೆಲವರು ಹಿಂದುಳಿದವರು. ಎರಡೂ ಗುಂಪಿನಲ್ಲಿ ಬೇಸ್‌ಬಾಲ್ ಬಲ್ಲವರಿದ್ದರು, ಅರಿಯದವರೂ ಇದ್ದರು. ಆಟ ಬಲ್ಲ ಹಿಂದುಳಿದ ಓದುಗರು, ಆಟ ಅರಿಯದ ಜಾಣ ಓದುಗರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಓದಿನ ‘ಮಟ್ಟ’ ಎಂದು ನಾವು ಮಗುವಿನ ಹಣೆಗೆ ಅಂಟಿಸುವ ಚೀಟಿ ಎಷ್ಟೋ ವೇಳೆ ಮಗುವಿನದಲ್ಲ, ಮಗುವಿಗೂ ಆ ಪುಟದ ವಿಷಯಕ್ಕೂ ಇರುವ ಪರಿಚಯದ ಅಳತೆ. ಆ ಮಕ್ಕಳು ಹನ್ನೆರಡು ಹದಿಮೂರರ ಪ್ರಾಯದವರು, ಆರು ವರ್ಷದವರಲ್ಲ ಎಂದು ಯಾರಾದರೂ ತಕರಾರು ಎತ್ತಬಹುದು. ಸರಿಯೇ. ಆದರೆ ಅಕ್ಷರದ ಮೇಲೆ ಹಿಡಿತ ಕಡಿಮೆ ಇದ್ದಷ್ಟೂ ಪರಿಚಯದ ಮೇಲಿನ ಅವಲಂಬನೆ ಹೆಚ್ಚಬೇಕೇ ಹೊರತು ತಗ್ಗಲು ಕಾರಣವಿಲ್ಲ.

ಈಗ ಶಿಡ್ಲಘಟ್ಟಕ್ಕೆ ಬರೋಣ. ರಾಮನಗರದಂತೆ ಇದೂ ದೇಶದ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಗಳಲ್ಲಿ ಒಂದು. ಸುತ್ತಲ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ. ಊರೊಳಗೆ ನೂಲು ಬಿಚ್ಚುವ ಘಟಕಗಳು. ಈ ತಾಲೂಕಿನ ಆರು ವರ್ಷದ ಮಗುವಿಗೆ ಎಳೆಯ ಚಾಕಿ ಹುಳು ಯಾವುದು, ನಾಲ್ಕನೇ ಜ್ವರ ಎದ್ದ ಹುಳು ಯಾವುದು, ಸೊಪ್ಪು ಯಾವಾಗ ಹಾಕಬಾರದು, ಹಣ್ಣಾದ ಹುಳುವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವುದು ಯಾವಾಗ ಎಂಬುದೆಲ್ಲ ತಿಳಿದಿರುತ್ತದೆ. ಪಟ್ಟಣದ ಪದವೀಧರರಿಗೆ ಇದರಲ್ಲಿ ಅರ್ಧ ಗೊತ್ತಿರುವುದಿಲ್ಲ. ಗುಣಾಕಾರದ ಎರಡನೆಯ ಅಂಕಿಯನ್ನು ಇಷ್ಟು ದೊಡ್ಡದಾಗಿ ಹಿಡಿದು ಶಾಲೆಗೆ ಬಂದ ಮಗುವಿಗೆ ನಾವು ಕೊಡುವ ಮೊದಲ ಪುಸ್ತಕ ಸಾಮಾನ್ಯವಾಗಿ ಸಿಂಹವೂ ಮೊಲವೂ ಮಾತಾಡುವ ಕಾಡಿನದು. ಆ ಅಂಕಿ ಅಲ್ಲಿ ಉಪಯೋಗಕ್ಕೇ ಬರುವುದಿಲ್ಲ.

ಇದು ನಮ್ಮೊಬ್ಬರ ದೋಷವಲ್ಲ. ಬೋಸ್ಟನ್ ಸುತ್ತಮುತ್ತಲಿನ 20 ಒಂದನೇ ತರಗತಿಗಳನ್ನು ಗಮನಿಸಿ ನೆಲ್ ಡ್ಯೂಕ್ 2000ದಲ್ಲಿ ಬರೆದ ಪ್ರಬಂಧದ ಪ್ರಕಾರ, ಮಾಹಿತಿ ಬರಹಕ್ಕೆ ಆ ತರಗತಿಗಳಲ್ಲಿ ಸಿಗುತ್ತಿದ್ದ ಸಮಯ ದಿನಕ್ಕೆ ಸರಾಸರಿ 3.6 ನಿಮಿಷ. ಕನ್ನಡದಲ್ಲಿ ಮಕ್ಕಳಿಗಾಗಿ ನಿಜಸಂಗತಿ ಬರೆಯುವ ಪರಂಪರೆ ಬಡವಾದುದೇನಲ್ಲ. ಶಿವರಾಮ ಕಾರಂತರ ‘ಬಾಲ ಪ್ರಪಂಚ’ 1930ರ ದಶಕದ್ದು, ಮೂರು ಸಂಪುಟ, ಒಬ್ಬರೇ ಕೂತು ಬರೆದದ್ದು. ನಿರಂಜನ ಸಂಪಾದಿಸಿದ ‘ಜ್ಞಾನ ಗಂಗೋತ್ರಿ’ ಏಳು ಸಂಪುಟಗಳ ಕಿರಿಯರ ವಿಶ್ವಕೋಶ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ದಶಕಗಳ ಕಾಲ ಶಾಲೆಗಳಿಗೆ ಬಂದಿದೆ. ಆದರೆ ಇವೆಲ್ಲ ಓದಲು ಬಂದ ಮಗುವಿಗಾಗಿ ಬರೆದವು; ಪ್ರಾಯ ಹತ್ತು ಹನ್ನೆರಡಾಗಿ, ಒತ್ತಕ್ಷರಗಳನ್ನೆಲ್ಲ ಅರಗಿಸಿಕೊಂಡವರಿಗಾಗಿ. ಕೆಳಗಿನ ಮೆಟ್ಟಿಲು ಬಹುಮಟ್ಟಿಗೆ ಖಾಲಿಯೇ ಇತ್ತು. 2004ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರಥಮ್ ಬುಕ್ಸ್, 2015ರಲ್ಲಿ ಅದು ತೆರೆದ ‘ಸ್ಟೋರಿವೀವರ್’ ಜಾಲತಾಣ ಬಂದ ಮೇಲೆ, ಪುಟಕ್ಕೊಂದು ವಾಕ್ಯದ ನಿಜಸಂಗತಿಯ ಪುಸ್ತಕಗಳು ಕನ್ನಡದಲ್ಲೂ ಕಾಣಿಸಿಕೊಂಡವು. ಒಳ್ಳೆಯದೇ. ಅವುಗಳಲ್ಲಿ ಅನೇಕವು ಬೇರೆ ಭಾಷೆಯಿಂದ ಅನುವಾದಗೊಂಡು ಬಂದವು ಎಂಬುದನ್ನು ಮಾತ್ರ ಮರೆಯಬಾರದು. ಮೂಲದಲ್ಲಿ ಮೂರಕ್ಷರದ ಸುಲಭ ಪದವಾಗಿದ್ದದ್ದು ಕನ್ನಡಕ್ಕೆ ಬರುವಾಗ ‘ಸಸ್ಯಾಹಾರಿ’ ಆಗಿರುತ್ತದೆ. ಪುಸ್ತಕದ ಮೇಲಿನ ಓದಿನ ಮೆಟ್ಟಿಲಿನ ಸಂಖ್ಯೆ ಮಾತ್ರ ಒಂದೇ.

ಇಲ್ಲಿಗೆ ಬಂದಾಗ ಎದುರಾಗುವ ಆಕ್ಷೇಪ ಬಲವಾದದ್ದು. ವಿಜ್ಞಾನದ ಪದಗಳೆಲ್ಲ ಸಂಸ್ಕೃತಮಯ, ಒತ್ತು ದೀರ್ಘಗಳಿಂದ ತುಂಬಿದವು. ಅಕ್ಷರ ಕಲಿಯುವ ಮಗುವಿಗೆ ಮಾಹಿತಿ ಪುಸ್ತಕ ಬರೆಯಲು ಸಾಧ್ಯವೇ ಇಲ್ಲ ಎನ್ನುತ್ತಾರೆ. ಕೀಟಶಾಸ್ತ್ರದ ಪಠ್ಯ ತೆರೆದರೆ ಮಾತು ನಿಜ. ಹುಳುಮನೆಯ ಬಾಗಿಲು ತೆರೆದರೆ ನಿಜವಲ್ಲ. ಹುಳು, ಗೂಡು, ನೂಲು: ಮೂರರಲ್ಲೂ ಎರಡೆರಡೇ ಅಕ್ಷರ, ಎಲ್ಲದಕ್ಕೂ ಕೊಂಬೇ ಹೊರತು ಬೇರೆ ಚಿಹ್ನೆಯಿಲ್ಲ, ಒತ್ತಂತೂ ಇಲ್ಲವೇ ಇಲ್ಲ. ಕೊಂಬು ಮತ್ತು ಕೊಂಬಿನ ದೀರ್ಘ ಕಲಿಸಲು ಇದಕ್ಕಿಂತ ಒಪ್ಪವಾದ ಮೂರು ಪದ ಹುಡುಕಿಕೊಂಡು ಹೋದರೂ ಸಿಗಲಾರವು. ಮುಂದಿನ ಹಂತಕ್ಕೆ ಸೊಪ್ಪು, ಮೊಟ್ಟೆ, ತಟ್ಟೆ, ಚಿಟ್ಟೆ. ಇವು ಸಜಾತೀಯ ಒತ್ತಿನವು, ಮಗು ಅದೇ ಅಕ್ಷರದ ಕೆಳಗೆ ಅದರ ಮರಿಯನ್ನೇ ಕಾಣುತ್ತದೆ. ರೇಷ್ಮೆ, ಚಂದ್ರಿಕೆ ಬರುವುದು ಕೊನೆಗೆ, ವಿಜಾತೀಯ ಒತ್ತಿನ ಜೊತೆ. ಒಂದು ಕಸುಬಿನ ಪದಗಳನ್ನು ಹೀಗೆ ಸಾಲಾಗಿಟ್ಟರೆ ಕನ್ನಡ ಲಿಪಿಯ ಕಷ್ಟದ ಮೆಟ್ಟಿಲುಗಳೇ ಮೂಡುತ್ತವೆ. ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿ ಮೊದಲಿಗೆ ಕಲಿಸುವ ರ, ಗ, ಸ, ದ, ಅ ಈ ಐದೇ ಅಕ್ಷರಗಳಲ್ಲಿ ಅರಸನೂ ಇದ್ದಾನೆ, ಗರಗಸವೂ ಇದೆ. ಮ ಒಂದು ಸೇರಿದರೆ ಮರ. ಅರಸನ ಕಥೆ ಮಾಡಿದಷ್ಟೇ ಸಲೀಸಾಗಿ ಬಡಗಿಯ ಕೆಲಸದ ಪುಸ್ತಕವನ್ನೂ ಅಲ್ಲಿಂದ ಶುರು ಮಾಡಬಹುದು. ನಮ್ಮ ಕೈ ಅಭ್ಯಾಸಬಲದಿಂದ ಅರಸನ ಕಡೆಗೇ ಹೋಗುತ್ತದೆ ಅಷ್ಟೆ.

ಪದಕ್ಕಿಂತ ಗಂಭೀರವಾದ ತೊಡಕು ಕ್ರಿಯಾಪದದ್ದು. ಇದನ್ನು ಆಕ್ಷೇಪವಾಗಿ ಎತ್ತಿದವರನ್ನು ನಾನು ಕಂಡಿಲ್ಲ, ಎತ್ತಬೇಕಾದದ್ದು ಇದನ್ನೇ. ಕಥೆ ಭೂತಕಾಲದಲ್ಲಿ ನಡೆಯುತ್ತದೆ: ನರಿ ಬಂದಿತು, ಓಡಿತು, ಕೂಗಿತು. ನಿಜಸಂಗತಿಗೆ ಬೇಕಾದದ್ದು ಎಂದೂ ನಡೆಯುವ ಕ್ರಿಯೆಯ ರೂಪ: ಹುಳು ತಿನ್ನುತ್ತದೆ, ಕಟ್ಟುತ್ತದೆ, ಬಿಡುತ್ತದೆ. ಪ್ರತಿ ವಾಕ್ಯದ ತುದಿಯಲ್ಲೂ ‘ತ್ತ’ ಕೂತಿದೆ. ‘ತಿನ್ನುತ್ತದೆ’ಯಲ್ಲಿ ಒಂದೇ ಪದಕ್ಕೆ ಎರಡು ಒತ್ತು. ಇಂಗ್ಲಿಷಿನವರಿಗಿಲ್ಲದ ಈ ಫಜೀತಿ ನಮ್ಮದು. ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು, ಕ್ರಿಯಾಪದವೇ ಬೇಡವೆನ್ನುವ ಕನ್ನಡದ ಉದಾರತೆ. ‘ಇದು ಹುಳು. ಹುಳು ಬಿಳಿ. ಗೂಡು ಹಳದಿ. ನೂಲು ಬಲು ನವಿರು.’ ಇವು ಪೂರ್ಣ ವಾಕ್ಯಗಳು, ನಿಜವಾದ ವಾಕ್ಯಗಳು, ಒಂದು ಒತ್ತೂ ಇಲ್ಲದವು. ‘ಗೂಡು ಹಳದಿ’ ಎಂದೊಡನೆ ದ್ವಿತಳಿ ಸಾಕುವ ಮನೆಯ ಮಗು ‘ನಮ್ಮದು ಬಿಳಿ’ ಎಂದು ಜಗಳಕ್ಕೆ ಬರುತ್ತದೆ, ಮಿಶ್ರತಳಿಯ ಗೂಡು ಹಳದಿ, ದ್ವಿತಳಿಯದು ಬಿಳಿ ಎಂಬ ಮುಂದಿನ ಪುಟ ಅಲ್ಲೇ ಹುಟ್ಟುತ್ತದೆ. ಎರಡನೆಯ ದಾರಿ ಪುನರಾವರ್ತನೆ. ಕಥೆಯಲ್ಲಿ ಪುಟ ಮಗುಚಿದರೆ ಹೊಸ ಪಾತ್ರ, ಹೊಸ ಸ್ಥಳ ಬರಬೇಕು. ಒಂದೇ ವಸ್ತುವಿನ ಪುಸ್ತಕದಲ್ಲಿ ಹುಳು ಎಂಬ ಪದ ಹತ್ತು ಪುಟದಲ್ಲೂ ಬರಲೇಬೇಕು, ‘ಉತ್ತದೆ’ ಎಂಬ ಬಾಲವೂ ಅಷ್ಟೇ ಸಲ ಬರುತ್ತದೆ. ನಾಲ್ಕನೇ ಸಲಕ್ಕೆ ಮಗು ಅದನ್ನು ಅಕ್ಷರ ಅಕ್ಷರವಾಗಿ ಬಿಡಿಸುವುದು ಬಿಟ್ಟು ಇಡಿಯಾಗಿ ಗುರುತಿಸತೊಡಗುತ್ತದೆ. ಕನ್ನಡದ ಪಠ್ಯಗಳನ್ನು ಮುಂದೆ ಓದುವುದಕ್ಕೆ ಬೇಕಾದದ್ದೂ ಆ ಬಾಲದ ಗುರುತೇ.

ಮಕ್ಕಳಿಗೆ ಕಥೆಯೇ ಇಷ್ಟ, ಅದೇ ಅವರ ಸಹಜ ಭಾಷೆ ಎಂಬ ನಂಬಿಕೆಗೆ ಶಿಕ್ಷಣಶಾಸ್ತ್ರದಲ್ಲೂ ದೊಡ್ಡ ದೊಡ್ಡ ಬೆಂಬಲಿಗರಿದ್ದರು. ಕ್ರಿಸ್ಟೀನ್ ಪಾಪಾಸ್ 1993ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಇನ್ನೂ ಓದಲು ಬಾರದ 20 ಶಿಶುವಿಹಾರದ ಮಕ್ಕಳಿಗೆ ಕಥೆಗಳನ್ನೂ ಮಾಹಿತಿ ಪುಸ್ತಕಗಳನ್ನೂ ಓದಿ ಹೇಳಿ, ಆಮೇಲೆ ಪುಸ್ತಕ ಹಿಡಿದು ‘ಓದುವ ಆಟ’ ಆಡಿಸಿದರು. ಕಥೆಯನ್ನು ಕಥೆಯ ಧಾಟಿಯಲ್ಲಿ ಒಪ್ಪಿಸಿದಷ್ಟೇ ಚೆನ್ನಾಗಿ ಆ ಮಕ್ಕಳು ಮಾಹಿತಿ ಪುಸ್ತಕವನ್ನು ಅದರದೇ ಧಾಟಿಯಲ್ಲಿ ಒಪ್ಪಿಸಿದರು. ಇಪ್ಪತ್ತೇ ಮಕ್ಕಳ ಅಧ್ಯಯನ, ಅದರ ಮೇಲೆ ಅರಮನೆ ಕಟ್ಟಬಾರದು ನಿಜ. ಕಥೆಯೊಂದೇ ಸಹಜ ಎಂಬ ವಾದವನ್ನು ಅಲುಗಾಡಿಸಲು ಅಷ್ಟು ಸಾಕು. ಕಥೆಗೆ ನಾನು ಶತ್ರುವಲ್ಲ. ರಾತ್ರಿ ಅಜ್ಜಿ ಹೇಳುವ ಕಥೆಯ ಜಾಗಕ್ಕೆ ರೇಷ್ಮೆಹುಳುವನ್ನು ತಂದು ಕೂರಿಸಿ ಎಂದು ಯಾರೂ ಹೇಳುತ್ತಿಲ್ಲ. ಹುಳುವಿನ ಬಾಳಿಗೂ ಒಂದು ಕ್ರಮವಿದೆ, ಮುಂದೇನಾಗುತ್ತದೆ ಎಂಬ ಕಾತರವಿದೆ. ಅದಕ್ಕೆ ಟೋಪಿ ಹಾಕಿ ‘ರೇಷ್ಮಿ ಪುಟ್ಟಿ’ ಎಂದು ಹೆಸರಿಟ್ಟು ಮಾತಾಡಿಸುವ ಅಗತ್ಯವಿಲ್ಲ ಎಂದಷ್ಟೇ ನನ್ನ ತಕರಾರು.

ಹಾಗಾದರೆ ಗೊತ್ತಿರುವುದನ್ನೇ ಮಗುವಿಗೆ ಮತ್ತೆ ಹೇಳಿ ಏನು ಪ್ರಯೋಜನ? ಪುಸ್ತಕ ಎಂದರೆ ಕಾಣದ ಲೋಕ ತೋರಿಸಬೇಕಲ್ಲವೆ? ಈ ಪ್ರಶ್ನೆಯ ಒಳಗೆ ಒಂದು ತಪ್ಪು ಊಹೆ ಅಡಗಿದೆ, ಕಂಡದ್ದೆಲ್ಲ ತಿಳಿದದ್ದು ಎಂಬುದು. ಹುಳು ಸಾಕುವವರು ಜ್ವರ ಎನ್ನುವುದನ್ನೇ ನೋಡಿ. ಮರಿಯಿಂದ ಗೂಡಿನವರೆಗೆ ನಾಲ್ಕು ಸಲ ಹುಳು ಸೊಪ್ಪು ಮುಟ್ಟದೆ, ತಲೆ ಎತ್ತಿ, ಅಲುಗದೆ ಸುಮಾರು ಒಂದು ದಿನ ಕೂರುತ್ತದೆ; ಆಗ ಸೊಪ್ಪು ಹಾಕುವುದಿಲ್ಲ. ಮಗು ಇದನ್ನು ಬೆಳೆ ಬೆಳೆಗೂ ಕಂಡಿದೆ. ಆದರೆ ಅದು ಕಾಯಿಲೆಯೇ? ಮೈ ಬಿಸಿಯಾಗಿರುತ್ತದೆಯೇ? ಅಲ್ಲ. ಹುಳುವಿನ ತೊಗಲು ಒಂದು ಮಿತಿಗಿಂತ ಹಿಗ್ಗದು, ಹೋದ ವರ್ಷದ ಅಂಗಿ ಈ ವರ್ಷ ಹಿಡಿಯದ ಹಾಗೆ. ಹಳೆಯದರ ಅಡಿಯಲ್ಲಿ ಹೊಸ ತೊಗಲು ಸಿದ್ಧವಾಗುವ ತನಕ ಅದು ಕಾಯುತ್ತದೆ, ಆಮೇಲೆ ಹಳೆಯದನ್ನು ಕಳಚಿ ಎದ್ದು ತಿನ್ನತೊಡಗುತ್ತದೆ. ಮೊಟ್ಟೆಯೊಡೆದು ಬಂದಾಗಿನಿಂದ ಸುಮಾರು 25 ದಿನಗಳಲ್ಲಿ ಹುಳುವಿನ ತೂಕ 10,000 ಪಟ್ಟಿನ ಹತ್ತಿರ ಏರುತ್ತದೆ, ತಿನ್ನುವ ಸೊಪ್ಪಿನ ಬಹುಪಾಲನ್ನು ನಾಲ್ಕನೇ ಜ್ವರ ಕಳೆದ ಮೇಲೇ ತಿನ್ನುತ್ತದೆ. ‘ಹುಳು ಸೊಪ್ಪು ಬಿಟ್ಟಿದೆ. ಹುಳುವಿಗೆ ಜ್ವರ. ಇದು ಜ್ವರವೇ?’ ಎಂಬ ಮೂರು ಸಾಲಿನ ಪುಟ ಆರು ವರ್ಷದ ಮಗುವನ್ನು ತನ್ನ ಮನೆಯೊಳಗಿನ ಅಪರಿಚಿತಕ್ಕೆ ಕರೆದೊಯ್ಯುತ್ತದೆ. ಗೊತ್ತಿರುವ ನೆಲದ ಮೇಲೆ ಕಾಲೂರಿದ್ದರಿಂದಲೇ ಗೊತ್ತಿಲ್ಲದ ಆ ಒಂದು ಹೆಜ್ಜೆ ಇಡಲು ಸಾಧ್ಯವಾಯಿತು. ಹೆಜ್ಜೆಗಳು ಮುಂದೆ ದೂರ ಹೋಗಲಿ. ಗೌರಿಬಿದನೂರಿನ ಬಳಿ 1976ರಿಂದ ನಿಂತಿರುವ ರೇಡಿಯೋ ದೂರದರ್ಶಕ, ಸಾವಿರ ದ್ವಿಧ್ರುವಗಳ ಆ ತಂತಿ-ಕಂಬಗಳ ಸಾಲು, ಹತ್ತು ವರ್ಷದ ಮಗುವಿಗೆ ಅದ್ಭುತ ಪುಸ್ತಕವಾದೀತು. ಆರು ವರ್ಷದ ಮಗುವಿಗೆ ಅದು ಬರೀ ಕಂಬ ಮತ್ತು ತಂತಿ. ಏನು ನಡೆಯುತ್ತಿದೆ ಎಂಬುದು ಕಣ್ಣಿಗೆ ಕಾಣದು. ಮೊದಲ ಪುಸ್ತಕಕ್ಕೆ ಬೇಕಾದದ್ದು ಕಣ್ಣೆದುರು ಬದಲಾಗುವ ವಸ್ತು. ಚಿಂತಾಮಣಿಯ ಟೊಮೇಟೊ ಆದೀತು, ನಂದಿ ತಪ್ಪಲಿನ ದ್ರಾಕ್ಷಿ ಆದೀತು, ಮಳೆ ಬಂದು ತುಂಬುವ ಕೆರೆಯೂ ಆದೀತು.

ತೆಲುಗು ಮನೆಮಾತಿನ ಮಗುವಿಗೆ ಈ ಬಗೆಯ ಪುಸ್ತಕದಿಂದ ಇನ್ನೊಂದು ಲಾಭ. ಗೂಡು, ನೂಲು ಎರಡೂ ತೆಲುಗಿನಲ್ಲೂ ಹಾಗೇ ಇವೆ. ಹುಳು ಮಾತ್ರ ಪುರುಗು, ಸೊಪ್ಪು ಆಕು. ಚಿತ್ರದಲ್ಲಿರುವ ವಸ್ತು ಏನೆಂಬ ಬಗ್ಗೆ ಮಗುವಿಗೆ ಎಳ್ಳಷ್ಟೂ ಸಂಶಯವಿಲ್ಲದಿರುವುದರಿಂದ, ಹೊಸದಾಗಿ ಕಲಿಯಬೇಕಾದದ್ದು ಕನ್ನಡದ ಹೆಸರೊಂದೇ. ಮೇಷ್ಟ್ರು ಚಿತ್ರದ ಬಗ್ಗೆ ತೆಲುಗಿನಲ್ಲೇ ಮಾತಾಡಿಸಿ ಕನ್ನಡದಲ್ಲಿ ಓದಿಸಬಹುದು. ಶಿಡ್ಲಘಟ್ಟ, ಚಿಂತಾಮಣಿಯ ಉರ್ದು ಮಾತಿನ ಮಕ್ಕಳಿಗೂ ಇದೇ ಉಪಾಯ. ಪಠ್ಯಪುಸ್ತಕದಲ್ಲೇ ಪರಿಸರ ಪಾಠಗಳಿವೆಯಲ್ಲ ಎನ್ನುವವರಿಗೆ ಉತ್ತರ ಚಿಕ್ಕದು. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಪುಸ್ತಕ ಅಚ್ಚಾಗಬೇಕಾದಾಗ ಅದು ಯಾವ ಊರಿನದೂ ಆಗಲಾರದು, ಪಾಠದ ಕೊನೆಗೆ ಪ್ರಶ್ನೆಗಳನ್ನು ತರದೆ ಬಿಡಲಾರದು. ನಲಿಕಲಿಯ ಮೂಲವೇ ಸ್ಥಳೀಯ ಎಂಬುದನ್ನು ಇಲ್ಲಿ ನೆನೆಯಬಹುದು. ಚಿಂತಾಮಣಿಯಿಂದ ಗಡಿ ದಾಟಿದರೆ ಸಿಗುವ ಮದನಪಲ್ಲಿಯ ಬಳಿ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳು ಕಾರ್ಡುಗಳಲ್ಲಿ ಪಾಠ ಕಟ್ಟಿದ್ದನ್ನು ನೋಡಿ ಬಂದು, 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ತಮ್ಮ ಕಾರ್ಡುಗಳನ್ನು ತಾವೇ ಮಾಡಿದರು. ರಾಜ್ಯಕ್ಕೆಲ್ಲ ಹರಡುವಾಗ ಕಾರ್ಡುಗಳು ಒಂದೇ ಅಚ್ಚಿಗೆ ಬಂದವು. ಊರಿನದು ಎನ್ನುವ ಗುಣ ಅಲ್ಲಿ ಸೋರಿಹೋಯಿತು.

ಎಲ್ಲಕ್ಕಿಂತ ಇಕ್ಕಟ್ಟಿನ ಪ್ರಶ್ನೆ ಪುಸ್ತಕದ ಕೊನೆಯ ಪುಟದ್ದು. ಹುಳು ಎರಡು ಮೂರು ದಿನ ತಲೆಯಾಡಿಸುತ್ತ ತನ್ನ ಸುತ್ತ ಒಂದೇ ಎಳೆಯನ್ನು ಸುತ್ತಿಕೊಂಡು, ಒಳಗೆ ಪ್ಯೂಪ ಆಗುತ್ತದೆ. ಚಂದದ ಪುಸ್ತಕಗಳಲ್ಲಿ ಆಮೇಲೆ ಗೂಡೊಡೆದು ಚಿಟ್ಟೆ ಬಂದು ಹಾರಿಹೋಗುತ್ತದೆ. ಇದರಲ್ಲಿ ಎರಡು ಸುಳ್ಳಿವೆ. ಸಾಕಿದ ರೇಷ್ಮೆಯ ಚಿಟ್ಟೆ ಹಾರಲಾರದು. ಸಾವಿರಾರು ವರ್ಷ ಮನುಷ್ಯನ ಸಾಕಣೆಯಲ್ಲಿ ಆ ಶಕ್ತಿಯನ್ನೇ ಕಳೆದುಕೊಂಡಿದೆ. ಚಿಟ್ಟೆ ಹೊರಬರುವುದೂ ಮೊಟ್ಟೆಗೆಂದು ಇಟ್ಟ ಬಿತ್ತನೆಗೂಡಿನಿಂದ ಮಾತ್ರ. ಮಾರುಕಟ್ಟೆಗೆ ಬಂದ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ಬಿಚ್ಚುತ್ತಾರೆ, ಚಿಟ್ಟೆ ತೂತು ಮಾಡಿದರೆ ಆ ಎಳೆ ತುಂಡು ತುಂಡಾಗುತ್ತದೆ. ಒಳಗಿನ ಪ್ಯೂಪ ಸಾಯುತ್ತದೆ. ಆರು ವರ್ಷದ ಮಗುವಿಗೆ ಇದನ್ನು ಹೇಳಬೇಕೆ ಎಂದು ಬೆಂಗಳೂರಿನಲ್ಲಿ ಕುಳಿತ ಸಂಪಾದಕರು ಅನುಮಾನಿಸಬಹುದು. ಶಿಡ್ಲಘಟ್ಟದ ಮಗುವಿಗೆ ಗೂಡು ಬೇಯಿಸುವ ವಾಸನೆ ಬೀದಿಯಲ್ಲೇ ಪರಿಚಯ. ಅದಕ್ಕೆ ಹಾರುವ ಚಿಟ್ಟೆ ತೋರಿಸಿದರೆ ಪುಸ್ತಕ ಸುಳ್ಳು ಹೇಳುತ್ತದೆ ಎಂಬುದನ್ನು ಮಗು ಮೊದಲ ಪುಸ್ತಕದಲ್ಲೇ ಕಲಿಯುತ್ತದೆ. ‘ಗೂಡು ಬಿಸಿ ನೀರಿಗೆ. ಹುಳು ಉಳಿಯದು. ನೂಲು ಉಳಿಯಿತು.’ ಇಷ್ಟನ್ನು ಹೇಳಿ, ಬಿತ್ತನೆಗೂಡಿನ ಚಿಟ್ಟೆಯನ್ನು ಎದುರು ಪುಟದಲ್ಲಿ ಇಡಬಹುದು.

ಇನ್ನೂ ಹರಿತವಾದ ಆಕ್ಷೇಪ ಸಮಾಜದ ಕಡೆಯಿಂದ ಬರುತ್ತದೆ. ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಹೊರತಂದ ವರದಿಯಲ್ಲಿ ಕರ್ನಾಟಕವೂ ಇತ್ತು. ಕಸುಬಿನಿಂದ ಬಿಡಿಸಿ ಶಾಲೆಗೆ ತಂದ ಮಗುವಿಗೆ ಮತ್ತೆ ಅದೇ ಕಸುಬಿನ ಪುಸ್ತಕ ಕೊಡುವುದೆ? ಅಪ್ಪನ ಚರಕಕ್ಕೆ ಮಗನನ್ನು ಕಟ್ಟಿಹಾಕುವ ಉಪಾಯ ಇದಾಗದೆ? ಈ ಆತಂಕಕ್ಕೆ ಬೆಲೆ ಕೊಟ್ಟೇ ಹೇಳುವುದಾದರೆ, ಅಪಾಯ ಇರುವುದು ವಸ್ತುವಿನಲ್ಲಲ್ಲ, ನೋಟದಲ್ಲಿ. ‘ಒಳ್ಳೆಯ ಮಗು ಸೊಪ್ಪು ಹಾಕುತ್ತದೆ’ ಎಂದು ಬರೆದರೆ ಅದು ಕಸುಬಿನ ಪಾಠ. ಹುಳುವಿಗೆ ಎಷ್ಟು ಕಾಲು, ಯಾವುವು ನಿಜವಾದ ಕಾಲು, ತೊಗಲು ಏಕೆ ಕಳಚುತ್ತದೆ ಎಂದು ಬರೆದರೆ ಅದು ವಿಜ್ಞಾನ. ಕೂಲಿಗೆ ದುಡಿಯುವ ಕೈ ಅಲ್ಲಿ ಗಮನಿಸುವ ಕಣ್ಣಾಗುತ್ತದೆ. ತನ್ನ ಮನೆಯ ಬದುಕು ಅಚ್ಚಿನ ಯೋಗ್ಯತೆಯದ್ದೇ ಅಲ್ಲ ಎಂದು ಮಗುವಿಗೆ ಅನ್ನಿಸುವಂತೆ ಮಾಡುವುದು ಯಾವ ಬಿಡುಗಡೆಯೂ ಅಲ್ಲ.

ಬಾಗೇಪಲ್ಲಿ, ಶಿಡ್ಲಘಟ್ಟಗಳ ಈ ಜಿಲ್ಲೆಯಲ್ಲಿ ಮಕ್ಕಳ ‘ಜ್ಞಾನದ ಪುಸ್ತಕ’ ಎಂದರೆ ಎರಡೇ ಬಗೆ ಮನಸ್ಸಿಗೆ ಬರುತ್ತವೆ. ಒಂದು ಸಾಮಾನ್ಯ ಜ್ಞಾನದ ಪ್ರಶ್ನೋತ್ತರ, ಅದನ್ನು ಮಾಹಿತಿ ಪುಸ್ತಕ ಎಂದು ನಾನು ಒಪ್ಪುವುದಿಲ್ಲ, ಅದು ಬಾಯಿಪಾಠದ ಸರಕು. ಇನ್ನೊಂದು ಮಹಾಪುರುಷರ ಚರಿತ್ರೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಬದುಕು ಬೀದಿದೀಪದ ಕೆಳಗಿನ ಓದಾಗಿ ಎಷ್ಟು ಸಲ ಅಚ್ಚಾಗಿದೆಯೋ! ಅಣೆಕಟ್ಟಿನಲ್ಲಿ ನೀರೇರಿದಾಗ ತಾನಾಗಿ ತೆರೆದುಕೊಳ್ಳುವ ಅವರ ಬಾಗಿಲು ಹೇಗೆ ಕೆಲಸ ಮಾಡುತ್ತದೆ ಎಂದು ಮಕ್ಕಳಿಗೆ ಚಿತ್ರ ಬರೆದು ತೋರಿಸಿದವರು ವಿರಳ. ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಭೌತವಿಜ್ಞಾನಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು, ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ನೇಮಿಸಿದರು. ಅಂಥವರೂ ಮಕ್ಕಳ ಪುಸ್ತಕದಲ್ಲಿ ಸರಳತೆಯ ಮೂರ್ತಿಯಾಗಿ ಮುಗಿದುಹೋಗುತ್ತಾರೆ. ಕೇಳಿದ ಪ್ರಶ್ನೆಗಳು ಹೊರಗೇ ಉಳಿಯುತ್ತವೆ.

ಬರೆಯುವವರು ಯಾರು ಎಂಬುದು ಉಳಿಯಿತು. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಬಾಗಿಲನ್ನು ಮಕ್ಕಳಿಗೆ ಉಚಿತವಾಗಿ ತೆರೆದಿದೆ, ಆ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂದು ಹೆಸರು. ಪುಸ್ತಕ ಇಡಲು ಜಾಗವಿದೆ, ಓದುವ ಮಕ್ಕಳಿದ್ದಾರೆ. ಬರೆಯಲು ಶಿಕ್ಷಕಿಯೊಬ್ಬರು, ಚಿತ್ರಕ್ಕೆ ಸ್ಥಳೀಯರೊಬ್ಬರು, ತಪ್ಪು ಹಿಡಿಯಲು ಹುಳು ಸಾಕುವವರೊಬ್ಬರು ಇದ್ದರೆ 16 ಪುಟದ ಪುಸ್ತಕವಾಗುತ್ತದೆ. ಮೂರನೆಯವರನ್ನು ಬಿಡುವಂತಿಲ್ಲ. ನಾಲ್ಕನೇ ಜ್ವರದ ಹುಳುವಿಗೆ ಸೊಪ್ಪು ತಿನ್ನಿಸುವ ಚಿತ್ರ ಬರೆದಿದ್ದರೆ ಅದನ್ನು ಪ್ರಕಾಶಕರು ಗಮನಿಸಲಾರರು, ಮೊದಲು ಪುಸ್ತಕ ತೆರೆದ ಮಗು ಗಮನಿಸುತ್ತದೆ.